ಮಗ್ಗದ ಶೆಡ್ಡಿನಲ್ಲಿ ಬೆಳೆದ ಬಟಾಟೆ

ನಾನು ಕೆಲಸದಿಂದ ನಿವೃತ್ತಳಾದ ಮೇಲೂ ಅಲ್ಲಿಗೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ ಕೂತವರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: "ಅಕ್ಕಾರ, ಮಣ್ಣ ಇಲ್ಲದ ಗಿಡಾ ಹೆಂಗ ಬೆಳೀತಾವ್ರಿ?" ಅವರ ತರಬೇತಿಯಲ್ಲಿ ಇದನ್ನು ಚಿತ್ರ ಬರೆದು ಹೇಳಿಕೊಟ್ಟಿರುತ್ತಾರೆ. ಆದರೂ ಕೇಳುತ್ತಾರೆ. ಕೇಳಲಿ. ನಾನೂ ಮೊದಲ ಸಲ ನೋಡಿದಾಗ ನಂಬಿರಲಿಲ್ಲ.

ಸಂಗತಿ ಸರಳ. ಮಂಚದಷ್ಟು ಉದ್ದದ, ಸೊಂಟದಷ್ಟು ಎತ್ತರದ ಪೆಟ್ಟಿಗೆ. ಒಳಗೆ ಪೂರ್ತಿ ಕತ್ತಲೆ, ಪಕ್ಕದಲ್ಲಿ ಕೈ ಹಾಕಲು ಒಂದು ಬಾಗಿಲು. ಮುಚ್ಚಳದ ತುಂಬ ತೂತು, ಒಂದೊಂದು ತೂತಿನಲ್ಲಿ ಒಂದೊಂದು ಸಸಿ, ಅದರ ಕೊರಳಿಗೆ ಸ್ಪಂಜಿನ ಪಟ್ಟಿ. ಎಲೆಗಳು ಮೇಲೆ ಬೆಳಕಿನಲ್ಲಿ, ಬೇರುಗಳು ಕೆಳಗೆ ಬರೀ ಗಾಳಿಯಲ್ಲಿ. ಕೆಲವು ನಿಮಿಷಕ್ಕೊಮ್ಮೆ ಪಂಪು ಶುರುವಾಗಿ, ಗೊಬ್ಬರ ಬೆರೆಸಿದ ನೀರನ್ನು ಸಣ್ಣ ನೋಜಲ್‌ಗಳಿಂದ ಮಂಜಿನ ಹಾಗೆ ಬೇರಿನ ಮೇಲೆ ಚೆಲ್ಲುತ್ತದೆ. ಬೇರು ಅದನ್ನು ಕುಡಿದು ಬದುಕುತ್ತದೆ. ಇಷ್ಟೇ. ಆದರೆ ಈ ಇಷ್ಟನ್ನು ನಮ್ಮ ಕಡೆಯ ಬಿಸಿಲಿನಲ್ಲಿ, ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ, ನಮ್ಮ ಕರೆಂಟಿನಲ್ಲಿ ನಡೆಸುವುದು ಹೇಗೆ ಅನ್ನುವುದನ್ನು ಯಾವ ಚಿತ್ರವೂ ಹೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ತೇರದಾಳ. ಜಮಖಂಡಿಯಲ್ಲಿ ಕಾಲೇಜು ಓದಿ, ಬನಹಟ್ಟಿಯ ನೂಲಿನ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದೆ. ಮೊದಲ ಹಲವು ವರ್ಷ ಜಮಖಂಡಿ ರಸ್ತೆಯ ಒಂದು ಪ್ರಯೋಗಾಲಯದಲ್ಲಿ ಗಾಜಿನ ಬಾಟಲಿಯೊಳಗೆ ಬಾಳೆ ಸಸಿ ಬೆಳೆಸುವ ಕೆಲಸ ಮಾಡಿದೆ. ಆಮೇಲೆ ಅದರ ಮಾಲೀಕರು, ರೋಗವಿಲ್ಲದ ಬಿತ್ತನೆ ಬಟಾಟೆಯನ್ನು ಗಾಳಿಯಲ್ಲಿ ಬೆಳೆಸಬೇಕೆಂದು ಬನಹಟ್ಟಿಯಲ್ಲೇ ಒಂದು ಹಳೆಯ ಪಾವರ್‌ಲೂಮ್ ಶೆಡ್ಡು ಬಾಡಿಗೆಗೆ ಹಿಡಿದರು. ಮಗ್ಗಗಳು ಹೋಗಿ ಖಾಲಿ ಬಿದ್ದಿದ್ದ ಶೆಡ್ಡು. ಗೋಡೆ ದಪ್ಪ, ಮಾಡು ಎತ್ತರ. ಒಳಗೆ ತಣ್ಣಗಿಡುವುದು ಸುಲಭ. ಮನೆಗೆ ನಡೆದು ಹೋಗುವಷ್ಟು ಹತ್ತಿರ. ನನ್ನನ್ನು ಅಲ್ಲಿಗೆ ಕಳಿಸಿದರು.

ಅಲ್ಲಿ ನನ್ನ ಮೇಲಧಿಕಾರಿ ಹಣಮಂತ ಸರ್. ಮುಧೋಳದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಸಸ್ಯಶಾಸ್ತ್ರ ಓದಿದವರು. ಪೂನಾದಲ್ಲಿ ದುಡಿದು ಬಂದವರು. ಅವರಿಗಿದ್ದ ಒಂದೇ ಹಟ ಅಂದರೆ ಕಾಲು ತೊಳೆಯದೆ ಯಾರೂ ಸಸಿ ಖೋಲಿಗೆ ಬರಕೂಡದು. ಬಾಗಿಲಲ್ಲೇ ಒಂದು ಬಕೆಟ್ಟು ಇಡಿಸಿ, ಪಕ್ಕದಲ್ಲಿ ತಾವೇ ಕಾವಲು ನಿಲ್ಲುತ್ತಿದ್ದರು. ಒಂದು ಸಲ ಶೆಡ್ಡು ನೋಡಲು ಬಂದ ಮಾಲೀಕರ ಬೀಗರು ಬೂಟು ಬಿಚ್ಚಲು ಹಿಂದೆಮುಂದೆ ನೋಡಿದರು.

"ಸಾಹೇಬ್ರ, ನಿಮ್ಮ ಕಾಲಿಗೆ ರೋಗ ಐತಿ ಅಂತಲ್ರಿ," ಎಂದರು ಸರ್. "ನಿಮ್ಮ ಬೂಟಿಗೆ ಯಾವ್ಯಾವ ಹೊಲದ ರೋಗ ಹತ್ತೇತೋ ನಿಮಗ ಗೊತ್ತಿಲ್ಲ, ನನಗ ಗೊತ್ತಿಲ್ಲ. ಬಟಾಟಿಗಿ ಗೊತ್ತಾಕ್ಕೈತಿ."

ಬೀಗರು ಬೂಟು ಬಿಚ್ಚಿ, ಕಾಲು ತೊಳೆದು ಒಳಗೆ ಬಂದರು. ಹೋಗುವಾಗ ತಾವೂ ಅಂಥದೊಂದು ಬಕೆಟ್ಟನ್ನು ತಮ್ಮ ಕೋಳಿ ಫಾರ್ಮಿನ ಬಾಗಿಲಲ್ಲಿ ಇಡಿಸುತ್ತೇನೆ ಅಂದರು.

ಸರ್ ನನಗೆ ಮೊದಲ ದಿನ ಹೇಳಿದ್ದು, "ಕಸ್ತೂರಿಬಾಯಾರ, ಎಲಿ ನೋಡಬ್ಯಾಡ್ರಿ, ಬೇರ ನೋಡ್ರಿ. ಬೇರು ಬೆಳ್ಳಗಿದ್ರ ಎಲ್ಲಾ ಛಲೋ ಐತಿ ಅಂತ ತಿಳೀರಿ." ನಾನು ಹಾಗೇ ಮಾಡಿದೆ. ಅವರೂ ಹಾಗೇ ಮಾಡಿದರು. ನಮ್ಮ ಮೊದಲ ದೊಡ್ಡ ಎಡವಟ್ಟು ಅಲ್ಲಿಂದಲೇ ಶುರುವಾಯಿತು.

ಆಗ ಸಸಿಗಳ ಮೇಲೆ ಹಾಕುತ್ತಿದ್ದ ದೀಪಗಳು ಬಿಳಿಯವಲ್ಲ. ಕೆಂಪು ನೀಲಿ ಕಲಸಿದ ಗುಲಾಬಿ ಬೆಳಕು. ಗಿಡಕ್ಕೆ ಬೇಕಾದದ್ದು ಆ ಎರಡೇ ಬಣ್ಣ ಅಂತ ದೀಪದ ಕಂಪನಿಯವರು ಹೇಳಿದ್ದರು. ಸಂಜೆಯಾದರೆ ನಮ್ಮ ಶೆಡ್ಡಿನ ಕಿಂಡಿಗಳಿಂದ ಗುಲಾಬಿ ಬೆಳಕು ಓಣಿಗೆ ಚೆಲ್ಲುತ್ತಿತ್ತು. ಹೋಗಿ ಬರುವವರೆಲ್ಲ ನಿಂತು ನೋಡುವವರೇ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳಿಗಾಗಿ ಕಂಡಿಕೆಗೆ ನೂಲು ಸುತ್ತುವ ಮಲ್ಲವ್ವ ಒಂದು ದಿನ ಬಾಗಿಲಿಗೇ ಬಂದಳು.

"ಏ ಕಸ್ತೂರವ್ವಾ, ಒಳಗ ಗಿಡಾ ಹಚ್ಚೀರೋ ನಾಟಕದ ಕಂಪನಿ ಇಳಿಸೀರೋ? ನನಗೊಮ್ಮಿ ತೋರ್ಸಬೇ."

ಸರ್ ಬಕೆಟ್ಟಿನತ್ತ ಬೆರಳು ತೋರಿಸಿದರು. ಮಲ್ಲವ್ವ ಕಾಲು ತೊಳೆದು ಒಳಗೆ ಬಂದಳು. ಆವತ್ತು ಅವಳು ಉಟ್ಟದ್ದು ಗಿಳಿಹಸಿರು ಸೀರೆ, ಹೊಸದು. ದೀಪದ ಕೆಳಗೆ ನಿಂತವಳು ಸೆರಗು ನೋಡಿಕೊಂಡು ಗಾಬರಿಯಾದಳು.

"ಅಯ್ಯ, ನನ್ನ ಸೀರಿ ಕರಿ ಆತಲ್ಲ. ಇದು ಹಸರ ಸೀರಿರಿ ಸರ್, ಖರೇನ ಹಸರ. ಏನ್ ಬೆಳಕರಿ ಇದು, ಹಸರನ್ನ ಹಸರ ಅನ್ನಂಗಿಲ್ಲ?"

ನಾನು ನಕ್ಕೆ. ಸರ್ ನಗಲಿಲ್ಲ. ಅವಳ ಸೆರಗನ್ನೇ ನೋಡುತ್ತ ನಿಂತವರು ಒಮ್ಮೆಲೇ ಒಂದು ಸಸಿಯನ್ನು ಸ್ಪಂಜಿನ ಸಮೇತ ಎತ್ತಿಕೊಂಡು ಬಿಸಿಲಿಗೆ ನಡೆದರು. ನಾವಿಬ್ಬರೂ ಹಿಂದೆ ಹೋದೆವು. ಹೊರಗೆ ನೋಡಿದರೆ ಎಳೆಯ ಎಲೆಗಳೆಲ್ಲ ಹಳದಿ, ನರಗಳಷ್ಟೇ ಹಸಿರು. ಕಬ್ಬಿಣದ ಅಂಶ ಕಡಿಮೆಯಾಗಿತ್ತು. ಎಷ್ಟು ದಿನದಿಂದ ಹೀಗಾಗಿತ್ತೋ! ಗುಲಾಬಿ ಬೆಳಕಿನಲ್ಲಿ ಹಸಿರು ಎಲೆಯೂ ಕಪ್ಪು, ಹಳದಿ ಎಲೆಯೂ ಮಬ್ಬು. ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಬೇರು ಮಾತ್ರ ಬೆಳ್ಳಗಿದ್ದವು.

"ಬಾಯಾರ," ಎಂದರು ಸರ್, ಎಲೆಯನ್ನು ತಿರುಗಿಸಿ ನೋಡುತ್ತ, "ನಾ ಹೇಳಿದ್ದು ಮರತಬಿಡ್ರಿ. ಎಲೀನೂ ನೋಡ್ರಿ."

ಗೊಬ್ಬರದ ನೀರು ಬದಲಿಸಿದೆವು. ಒಂದು ವಾರದಲ್ಲಿ ಹೊಸ ಎಲೆ ಹಸಿರಾಗಿಯೇ ಬಂದವು. ಅಂದಿನಿಂದ ದಿನಾ ಬೆಳಿಗ್ಗೆ ಪ್ರತಿ ಸಾಲಿನಿಂದ ಒಂದೊಂದು ಸಸಿಯನ್ನು ಬಿಸಿಲಿಗೆ ಒಯ್ದು ನೋಡುವುದು ನಮ್ಮ ಪದ್ಧತಿಯಾಯಿತು. ಈಗ ಬಿಳಿ ದೀಪಗಳು ಬಂದಿವೆ, ಹಾಗೆ ಒಯ್ಯಬೇಕಿಲ್ಲ. ಆದರೂ ಹುಡುಗಿಯರಿಗೆ ಹೇಳುತ್ತೇನೆ, ಒಮ್ಮೊಮ್ಮೆ ಒಯ್ಯಿರಿ. ಗಿಡಕ್ಕೇನೂ ಆಗುವುದಿಲ್ಲ, ನಿಮಗೂ ಸ್ವಲ್ಪ ಬಿಸಿಲು ಬೀಳುತ್ತದೆ.

ಇನ್ನೊಂದು ಕಾಟ ಅಂದರೆ ನೋಡಲು ಬರುವವರದು. ಬಂದವರಿಗೆಲ್ಲ ಪೆಟ್ಟಿಗೆಯ ಬಾಗಿಲು ತೆಗೆದು ಬೇರು ತೋರಿಸಬೇಕು. ತೆಗೆದಷ್ಟು ಸಲ ಒಳಗೆ ಬೆಳಕು ಹೋಗಿ ಪಾಚಿ ಕಟ್ಟುತ್ತಿತ್ತು. ಕೊನೆಗೆ ಸರ್ ಒಂದು ಪೆಟ್ಟಿಗೆಯ ಪಕ್ಕಕ್ಕೆ ಗಾಜು ಕೂರಿಸಿ, ಅದಕ್ಕೊಂದು ಪರದೆ ಬೇಕು ಅಂದರು. ಮಲ್ಲವ್ವ ದಪ್ಪ ಕಪ್ಪು ಬಟ್ಟೆಗೆ ಕೆಂಪು ಅಂಚು ಹಚ್ಚಿ ಹೊಲಿದು ತಂದಳು. ಆ ಪರದೆಯನ್ನು ಸರಿಸಿದರೆ ಒಳಗಿನ ಕತ್ತಲೆಯಲ್ಲಿ ಬೆಳ್ಳನೆಯ ಬೇರಿನ ಜಡೆಗಳು. ಬಂದವರು ತಮಗೆ ಗೊತ್ತಿಲ್ಲದೆಯೇ ಕೈ ಮುಗಿಯುತ್ತಿದ್ದರು. ನಾವು ಅದಕ್ಕೆ ದರ್ಶನ ಅಂತಲೇ ಕರೆಯತೊಡಗಿದೆವು.

ಬೀಳಗಿ ಕಡೆಯ ಒಬ್ಬ ಹಿರಿಯ ರೈತರು ಹಾಗೆ ಬಂದವರು ಬಹಳ ಹೊತ್ತು ಆ ಗಾಜಿನ ಮುಂದೆ ಕೂತಿದ್ದರು. ಆಮೇಲೆ ಸರ್ ಕಡೆಗೆ ತಿರುಗಿ ಕೇಳಿದರು, "ಇವಕ್ಕ ಮಣ್ಣಿನ ನೆನಪ ಆಗಂಗಿಲ್ಲೇನ್ರಿ?"

ಸರ್ ಅವರ ಪಕ್ಕದಲ್ಲೇ ಕೂತರು. "ಇವು ಬೀಜಾರಿ ಯಜಮಾನ್ರ. ನಾಳೆ ನಿಮ್ಮಂಥವರ ಹೊಲಕ್ಕ ಹೋಗೂವ. ಮಣ್ಣು ಇವಕ್ಕ ಅಲ್ಲಿ ಸಿಗತೈತಿ. ಇಲ್ಲೇನಿದ್ರೂ ತವರಮನಿ."

ರೈತರಿಗೆ ಆ ಮಾತು ಹಿಡಿಸಿತು. ಪರದೆಯನ್ನು ಅವರೇ ಮುಚ್ಚಿ ಎದ್ದರು.

ಇನ್ನು ಕರೆಂಟಿನ ಮಾತು. ಈ ಕೆಲಸದಲ್ಲಿ ನಿಮ್ಮನ್ನು ಹೆದರಿಸುವುದು ಅದೊಂದೇ. ಮಣ್ಣಿನ ಗಿಡ ನೀರಿಲ್ಲದೆ ಎರಡು ದಿನ ತಡೆದೀತು. ಗಾಳಿಯಲ್ಲಿ ತೂಗುವ ಬೇರಿಗೆ ಮಂಜು ನಿಂತರೆ ಸ್ವಲ್ಪ ಹೊತ್ತಿನಲ್ಲೇ ತುದಿ ಒಣಗತೊಡಗುತ್ತದೆ. ಅದಕ್ಕೆ ಇನ್ವರ್ಟರ್, ಅದು ಸೋತರೆ ಜನರೇಟರ್.

ಒಂದು ಮಧ್ಯಾಹ್ನ, ಬೇಸಿಗೆಗೆ ಇನ್ನೂ ಸ್ವಲ್ಪ ದಿನ ಇತ್ತು, ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನಮ್ಮೂರಲ್ಲಿ ಕರೆಂಟು ಹೋದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ನಾನು ಹೆದರಲಿಲ್ಲ; ಇನ್ವರ್ಟರ್ ಪಂಪು ನಡೆಸುತ್ತಿತ್ತು. ಸರ್ ಅಂದು ಕೆಲಸದ ಮೇಲೆ ಜಮಖಂಡಿಗೆ ಹೋಗಿದ್ದರು. ಹೊತ್ತು ಹೋದರೂ ಕರೆಂಟು ಬರಲಿಲ್ಲ. ಇನ್ವರ್ಟರ್ ಕೂಗತೊಡಗಿದಾಗ ಜನರೇಟರ್ ಶುರು ಮಾಡಹೋದೆ. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ನಮ್ಮ ಖೋಲಿಯ ತುಂಬ ಗಡ್ಡೆ ಕಟ್ಟಿ ನಿಂತ ಗಿಡಗಳು. ಆ ಹಂಗಾಮಿನ ಇಡೀ ಬಿತ್ತನೆ ಅದೇ.

ಹೊರಗೆ ಓಡಿದೆ. ಪಕ್ಕದ ಶೆಡ್ಡಿನ ಕಟ್ಟೆಯ ಮೇಲೆ, ಮಗ್ಗ ನಿಂತಿದ್ದರಿಂದ ಕೆಲಸವಿಲ್ಲದೆ ಎಲ್ಲರೂ ಕೂತಿದ್ದರು. ಮಗ್ಗ ರಿಪೇರಿ ಮಾಡುವ ಇಮಾಮಸಾಬ ಅಲ್ಲೇ ಇದ್ದ. "ಇಮಾಮಣ್ಣಾ, ಜನರೇಟರ್ ಹತ್ತವಲ್ದು" ಅಂದೆ. ಅವನು ಬಾಯಲ್ಲಿನ ಚಹಾ ನುಂಗುತ್ತಲೇ ನಟ್ಟು ಬಿಚ್ಚುವ ಪಾನಾ ಹುಡುಕಹೋದ. ಮಲ್ಲವ್ವ ನನ್ನ ಮುಖ ನೋಡಿದಳು.

"ಏನಾತಬೇ?"

"ಪಂಪ್ ನಿಂತಾವ. ಬೇರ ಒಣಗತಾವ ಮಲ್ಲವ್ವಾ. ಕೈಲೆ ಆದ್ರೂ ನೀರ ಹೊಡೀಬೇಕು. ಸಣ್ಣಗ, ಮಂಜಿನಂಗ."

ಅವಳು ಎದ್ದು ಕಟ್ಟೆಯವರಿಗೆಲ್ಲ ಕೂಗಿ ಹೇಳಿದಳು. ಮುಂದಿನದು ಎಷ್ಟು ಬೇಗ ನಡೆಯಿತು ಅಂದರೆ ಈಗಲೂ ನನಗೆ ಸರಿಯಾಗಿ ಜೋಡಿಸಿ ಹೇಳಲು ಬರುವುದಿಲ್ಲ. ಯಾರೋ ಸಲೂನಿಗೆ ಓಡಿ ತಲೆಗೆ ನೀರು ಹೊಡೆಯುವ ಬಾಟಲಿಗಳನ್ನು ತಂದರು. ಇಸ್ತ್ರಿ ಅಂಗಡಿಯವ ತನ್ನದನ್ನು ಕೊಟ್ಟು ತಾನೂ ಬಂದ. ಯಾರದೋ ಮನೆಯಿಂದ ಗಾಜು ಒರೆಸುವ ಬಾಟಲಿ ಬಂತು. ಅದನ್ನು ಮೂರು ನೀರಿನಲ್ಲಿ ತೊಳೆಸಿದೆ. ಒಬ್ಬರು ಬೆನ್ನಿಗೆ ಕಟ್ಟುವ ಔಷಧದ ಪಂಪನ್ನೇ ಹೊತ್ತು ತಂದರು. "ಅಣ್ಣಾರ, ಅದು ಬ್ಯಾಡ್ರಿ, ಅದರಾಗ ಔಷಧ ಇರತೈತಿ" ಎಂದು ವಾಪಸು ಕಳಿಸಿದೆ.

ಟಾಕಿಯಿಂದ ಗೊಬ್ಬರದ ನೀರನ್ನು ಬೇರೆ ಶುದ್ಧ ಬಕೆಟ್ಟುಗಳಿಗೆ ತುಂಬಿಸಿದೆ. ಒಬ್ಬಳು ಪೆಟ್ಟಿಗೆಯ ಪಕ್ಕದ ಬಾಗಿಲನ್ನು ಗೇಣಷ್ಟು ತೆಗೆಯುವುದು, ಇನ್ನೊಬ್ಬಳು ಕೈ ಹಾಕಿ ನೀರು ಹೊಡೆದು ತೆಗೆಯುವುದು, ಮುಚ್ಚುವುದು, ಮುಂದಿನ ಪೆಟ್ಟಿಗೆ. ಮೊದಲು ಎಲ್ಲರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಆಗ ಮಲ್ಲವ್ವ ಬಾಯಲ್ಲಿ ಮಗ್ಗದ ಸಪ್ಪಳ ಶುರು ಮಾಡಿದಳು: "ಖಟಾ ಖಟ್, ಖಟಾ ಖಟ್." ಮಗ್ಗದ ಮುಂದೆ ಬದುಕು ಕಳೆದ ಆ ಹೆಂಗಸರಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ. ಖಟಾ ಅಂದರೆ ಬಾಗಿಲು, ಖಟ್ ಅಂದರೆ ನೀರು. ಇಡೀ ಖೋಲಿ ಒಂದೇ ತಾಳಕ್ಕೆ ಬಂತು. ನಗು, ಕೂಗಾಟ, ಎಲ್ಲರ ಸೀರೆ ತೋಯ್ದು ತೊಪ್ಪೆ. ನಾನು ಸಾಲಿನಿಂದ ಸಾಲಿಗೆ ಓಡಾಡುತ್ತ ಬೇರು ಮುಟ್ಟಿ ನೋಡುತ್ತಿದ್ದೆ. ತಣ್ಣಗಿದ್ದವು. ಕಣ್ಣಲ್ಲಿ ನೀರು ಬಂತು, ಆದರೆ ಎಲ್ಲರೂ ತೋಯ್ದಿದ್ದರಿಂದ ಯಾರಿಗೂ ಕಾಣುವುದಿಲ್ಲ ಅಂದುಕೊಂಡೆ.

ಇಮಾಮಸಾಬ ಡೀಸೆಲ್ ಫಿಲ್ಟರ್ ಬಿಚ್ಚಿ ಕಸ ತೆಗೆದು ಜನರೇಟರ್ ಹತ್ತಿಸುವುದಕ್ಕೂ, ಕರೆಂಟು ಬರುವುದಕ್ಕೂ ಸರಿಹೋಯಿತು. ಓಣಿಯ ಮಗ್ಗಗಳು ಮತ್ತೆ ಶುರುವಾದದ್ದೇ ತಡ, ಹೆಂಗಸರು ಬಾಟಲಿಗಳನ್ನು ಕೈಯಲ್ಲಿ ಹಿಡಿದೇ ತಮ್ಮ ತಮ್ಮ ಶೆಡ್ಡಿಗೆ ಓಡಿದರು. ಹಿಂದಿನ ಸಾಲಿನ ಕೆಲವು ಗಿಡ ಬಾಡಿದವು. ಉಳಿದವೆಲ್ಲ ಉಳಿದವು.

ಸಂಜೆಯ ಮುಂದೆ ಸರ್ ಬಂದರು. ಸುದ್ದಿ ಅವರಿಗೆ ಬಸ್ ಸ್ಟ್ಯಾಂಡಿನಲ್ಲೇ ಮುಟ್ಟಿತ್ತು. ಖೋಲಿಯ ಬಾಗಿಲಲ್ಲಿ ನಿಂತು ನೋಡಿದರು. ನೆಲದ ತುಂಬ ನೀರು, ಕೆಸರು, ಚಪ್ಪಲಿಯ ಗುರುತು, ಬರಿಗಾಲಿನ ಗುರುತು, ಒಂದು ಮೂಲೆಯಲ್ಲಿ ಮುರಿದ ಬಳೆ.

"ಎಲ್ಲಾರೂ ಕಾಲ ತೊಳಕೊಂಡ ಬಂದಿದ್ರೇನ್ರಿ, ಬಾಯಾರ?"

"ಇಲ್ರಿ ಸರ್."

ಅವರು ನನ್ನನ್ನು ನೋಡಿದರು, ನೆಲವನ್ನು ನೋಡಿದರು, ಆಮೇಲೆ ನಗತೊಡಗಿದರು. ಆ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮರುದಿನ ಇಡೀ ಖೋಲಿ ತೊಳೆಸಿ, ಸಂಜೆಗೆ ಆ ಓಣಿಯ ಎಲ್ಲರಿಗೂ ಮಿರ್ಚಿ ಬಜಿ ತರಿಸಿದರು.

ಈಗ ಕರೆಂಟು ಹೋದರೆ ಮೊಬೈಲಿಗೇ ಸುದ್ದಿ ಬರುತ್ತದೆ. ಮಹಾಲಿಂಗಪುರದಲ್ಲಿ ಬಸ್ಸಿಗೆ ಕಾಯುತ್ತ ನಿಂತ ಹುಡುಗಿಗೂ ಯಾವ ಪೆಟ್ಟಿಗೆಯಲ್ಲಿ ಮಂಜು ನಿಂತಿದೆ ಅಂತ ಗೊತ್ತಾಗುತ್ತದೆ. ಬಹಳ ಒಳ್ಳೆಯದು. ಹಳೆಯದೇ ಚೆಂದ ಅಂತ ನಾನು ಹೇಳುವುದಿಲ್ಲ. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಅಕ್ಕಪಕ್ಕದವರ ಪರಿಚಯ ಮಾಡಿಕೊಳ್ಳಿ. ಮೊಬೈಲು ಸುದ್ದಿ ಹೇಳುತ್ತದೆ, ಓಡಿ ಬಂದು ಬಾಗಿಲು ತೆಗೆಯುವುದಿಲ್ಲ.

ನನಗೆ ಆ ದಿನದಿಂದ ಸಿಕ್ಕದ್ದು ಇನ್ನೊಂದಿದೆ. ಅದನ್ನು ಹೇಳಲು ನನ್ನ ಅತ್ತೆಯ ಮಾತು ತೆಗೆಯಬೇಕು.

ನಾವು ಜೈನರು. ಗಡ್ಡೆ ಗೆಣಸು ತಿನ್ನುವುದಿಲ್ಲ. ಒಂದು ಗಡ್ಡೆಯಲ್ಲಿ ಲೆಕ್ಕವಿಲ್ಲದಷ್ಟು ಜೀವ ಇರುತ್ತವೆ ಅನ್ನುವುದು ನಮ್ಮ ನಂಬಿಕೆ. ಅಗೆಯುವಾಗ ಮಣ್ಣಿನ ಹುಳುಗಳೂ ಸಾಯುತ್ತವೆ. ನಾನು ಬಾಳೆ ಸಸಿ ಮಾಡುತ್ತಿದ್ದಾಗ ಅತ್ತೆ ಪದ್ಮಾವತಿಯವರು ನೆರೆಯವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಬಟಾಟೆ ಅಂದಕೂಡಲೇ ಹಾಗೆ ಹೇಳಿಕೊಳ್ಳುವುದನ್ನು ಬಿಟ್ಟರು. ಬೈಯಲಿಲ್ಲ, ಬಿಡು ಅನ್ನಲಿಲ್ಲ. ಒಂದು ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ತಮ್ಮ ಅಡಿಗೆಯನ್ನು ತಾವೇ ಮಾಡಿಕೊಂಡು ಉಂಡು ಮುಗಿಸಿದ್ದರು. ಮರುದಿನವೂ ಹಾಗೇ. ಆಮೇಲೆ ಅದೇ ರೂಢಿಯಾಯಿತು. ನನ್ನ ಗಂಡ ಒಮ್ಮೆ ಕೇಳಿದ್ದಕ್ಕೆ, "ಅಕಿ ಕೆಲಸ ಅಕಿಗಿ, ನನ್ನ ನೇಮ ನನಗ" ಅಂದಿದ್ದರಂತೆ. ಮಾತು ನಗು ಎಲ್ಲ ಇತ್ತು. ನನ್ನ ಕೈಯ ಅಡಿಗೆ ಮಾತ್ರ ಇರಲಿಲ್ಲ. ವರ್ಷಗಟ್ಟಲೆ ಒಂದೇ ಒಲೆಯ ಮೇಲೆ ಎರಡು ಅಡಿಗೆ. ಎಷ್ಟು ನೊಂದೆ ಅಂತ ಯಾರಿಗೂ ಹೇಳಲಿಲ್ಲ.

ಕರೆಂಟು ಹೋದ ದಿನದ ಕಥೆಯನ್ನು ಮಲ್ಲವ್ವ ಅತ್ತೆಗೆ ಮುಟ್ಟಿಸಿದ್ದಳು. ನಾನು ಗಿಡಕ್ಕಾಗಿ ಅತ್ತದ್ದನ್ನೂ ಸೇರಿಸಿ. ಅವಳಿಗೆ ಕಂಡೇ ಇತ್ತು. ಕೆಲವು ದಿನಗಳ ಮೇಲೆ, ಗಡ್ಡೆ ಬಿಡಿಸುವ ದಿನ, ಬಾಗಿಲಲ್ಲಿ ಅತ್ತೆ ನಿಂತಿದ್ದರು. ಹೇಳದೆ ಕೇಳದೆ ಒಬ್ಬರೇ ನಡೆದು ಬಂದಿದ್ದರು. ಸರ್ ಬಕೆಟ್ಟಿನತ್ತ ತೋರಿಸುವ ಮೊದಲೇ ಕಾಲು ತೊಳೆದುಕೊಂಡಿದ್ದರು.

"ನೀ ಮಾಡೂದ್ ಮಾಡು. ನಾ ನೋಡಾಕ ಬಂದೇನಿ," ಅಂದರು.

ನಾನು ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದೆ. ಬೇರಿನ ನಡುವೆ ನಿಂಬೆಕಾಯಿ ಗಾತ್ರದ ಬಿಳಿ ಗಡ್ಡೆಗಳು ತೂಗುತ್ತಿದ್ದವು. ದೊಡ್ಡವನ್ನಷ್ಟೇ ಆರಿಸಿ, ಬೇರಿಗೆ ನೋವಾಗದ ಹಾಗೆ ಬಿಡಿಸಿ, ಸಣ್ಣವನ್ನು ಹಾಗೇ ಬಿಟ್ಟು ಬಾಗಿಲು ಮುಚ್ಚಿದೆ.

"ಗಿಡಾ ಸಾಯ್ತೈತೇನ ಇನ್ನ?"

"ಇಲ್ರಿ ಅತ್ಯಾರ. ಇನ್ನೊಂದೆರಡ ವಾರಕ್ಕ ಸಣ್ಣೂ ದೊಡ್ಡೂ ಆಗ್ತಾವ. ಮತ್ತ ಬಿಡಸ್ತೀವಿ."

"ಕೀಳೂದ ಇಲ್ಲ?"

"ಇಲ್ರಿ."

"ಹುಳಾ ಹುಪ್ಪಡಿ?"

"ಮಣ್ಣ ಇಲ್ಲಲ್ರಿ. ಎಲ್ಲಿಂದ ಬರಬೇಕು?"

ಅವರು ಇನ್ನೊಂದು ಪೆಟ್ಟಿಗೆ ತೆಗೆಯುವಂತೆ ಸನ್ನೆ ಮಾಡಿದರು. ಅದನ್ನೂ ನೋಡಿದರು. ನಮ್ಮ ಸರ್‌ಗೆ ಉತ್ಸಾಹ ತಡೆಯಲಿಲ್ಲ. "ಹಂಗಾರ ಅವ್ವಾರ, ನೀವು ಇದನ್ನ ತಿನ್ನಾಕ ಏನೂ ಅಡ್ಡಿ ಇಲ್ಲಲ್ರಿ?" ಎಂದುಬಿಟ್ಟರು.

ಅತ್ತೆ ಸಿಟ್ಟಾಗಲಿಲ್ಲ.

"ಗಡ್ಡಿ ಗಡ್ಡೀನ ಅಪಾ. ಮಣ್ಣಾಗ ಬೆಳದ್ರೇನು, ಗಾಳ್ಯಾಗ ಬೆಳದ್ರೇನು, ಅದರಾಗಿನ ಜೀವ ಎಲ್ಲಿ ಹೋಕ್ಕಾವು? ನಾ ತಿನ್ನಂಗಿಲ್ಲ." ಆಮೇಲೆ ನನ್ನ ಕೈ ಹಿಡಿದು, ಅಂಗೈ ಮೇಲೆ ಮಾಡಿ ನೋಡಿದರು. ದಿನವೆಲ್ಲ ನೀರಿನಲ್ಲಿದ್ದು ಬೆರಳ ತುದಿ ಸುಕ್ಕುಗಟ್ಟಿದ್ದವು. "ಆದ್ರ ಈ ಕೈಯಾಗ ಹಿಂಸಾ ಇಲ್ಲ. ಅದನ್ನ ನಾ ಇಷ್ಟ ದಿನಾ ನೋಡಿರಲಿಲ್ಲ."

ಆವತ್ತು ಅತ್ತೆಯ ಊಟದ ಹೊತ್ತಿಗೆ, ಹೊತ್ತು ಮುಳುಗುವ ಮೊದಲೇ, ಮನೆ ಮುಟ್ಟಿದೆ. ಅತ್ತೆ ಒಲೆ ಹಚ್ಚಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ತಾಟು ಮುಂದಿಟ್ಟುಕೊಂಡು ಕೂತಿದ್ದರು. ನಾನು ರೊಟ್ಟಿ ಬಡಿದೆ, ಹೆಸರುಕಾಳಿನ ಪಲ್ಯ ಮಾಡಿದೆ. ಎರಡು ರೊಟ್ಟಿ ತಿಂದು, ಮೂರನೆಯದಕ್ಕೆ ತಾಟು ಮುಂದೆ ಚಾಚಿದರು. ಉಪ್ಪು ಸ್ವಲ್ಪ ಹೆಚ್ಚಾಗಿದೆ ಅಂದರು. ವರ್ಷಗಳ ಮೇಲೆ ನನ್ನ ಅಡಿಗೆಗೆ ಹೆಸರಿಡುವವರು, ತಪ್ಪು ಹುಡುಕುವವರು ಸಿಕ್ಕಿದ್ದರು. ಆ ರಾತ್ರಿ ಎಷ್ಟು ಸುಖವಾಗಿ ಮಲಗಿದೆ ಅಂತ ಹೇಳಲಾರೆ.

ಮುಂದಿನ ಸಲ ಗಡ್ಡೆ ಬಿಡಿಸುವ ದಿನ ಅತ್ತೆ ಬಸದಿಯಲ್ಲಿ ತಮ್ಮ ಜೊತೆ ಕೂರುವ ಹೆಂಗಸರನ್ನೆಲ್ಲ ಕರೆದುಕೊಂಡು ಬಂದರು. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕಾಲನ್ನೂ ತಾವೇ ನೋಡಿ ಒಳಗೆ ಬಿಟ್ಟರು. ಸರ್ ಪಾಪ ಒಂದು ಮೂಲೆಗೆ ಸರಿದು ನಿಂತರು. ನಾನು ವಿವರಿಸಲು ಬಾಯಿ ತೆಗೆದರೆ ಅತ್ತೆ ಬಿಡಲಿಲ್ಲ, ಎಲ್ಲ ಅವರೇ ಹೇಳಿದರು. ಪೆಟ್ಟಿಗೆಯ ಬಾಗಿಲು ತೆಗೆದಾಗ ಒಬ್ಬ ಅಜ್ಜಿ ಬಗ್ಗಿ ನೋಡಿ ಕೇಳಿದಳು, "ಪದ್ದಕ್ಕಾ, ಈ ಬೇರಿಗಿ ಹಿಡಕೊಳ್ಳಾಕ ಏನೂ ಇಲ್ಲಲ್ಲ. ಅಂಜಿಕಿ ಬರೂದಿಲ್ಲೇನ ಅವಕ್ಕ?"

"ಹೊತ್ತಿಗಿ ಸರಿಯಾಗಿ ಬಂದ ನೀರ ಕೊಡವ್ರ ಅದಾರಂತ ಗೊತ್ತಿದ್ರ ಅಂಜಿಕಿ ಯಾತರದು?" ಎಂದರು ಅತ್ತೆ.

ಅಷ್ಟರಲ್ಲಿ ಪಂಪು ಶುರುವಾಯಿತು. ತೆರೆದ ಬಾಗಿಲಿನಿಂದ ಮಂಜು ಬುಸ್ಸೆಂದು ಹೊರಗೆ ಬಂತು. ಮುಂದೆ ನಿಂತಿದ್ದ ಹೆಂಗಸರೆಲ್ಲ ಸೆರಗು ಅಡ್ಡ ಹಿಡಿದು, ನಗುತ್ತ ಹಿಂದಕ್ಕೆ ಸರಿದರು. ಅತ್ತೆ ಸರಿಯಲಿಲ್ಲ. ಕನ್ನಡಕದ ಮೇಲೆಲ್ಲ ಹನಿ ಕೂತರೂ ಒರೆಸಿಕೊಳ್ಳದೆ, ಆ ಬೆಳ್ಳನೆಯ ಬೇರುಗಳು ನೀರು ಕುಡಿಯುವುದನ್ನು ನೋಡುತ್ತ ನಿಂತಿದ್ದರು.